ನೇತಾಜಿಯ ಸೆಕ್ರೆಟರಿ, ಮೇಜರ್ ಆಬಿದ್ ಹಸನ್



ಪ್ರತಿ ವರ್ಷ ಆಗಸ್ಟ್ 15ಕ್ಕೆ ಬರ್ ದುಬೈನ ಕಾನ್ಸುಲೇಟ್ ಇರಲಿ, ಅಬುಧಾಬಿಯ ರಾಯಭಾರ ಕಚೇರಿ ಇರಲಿ, ಧ್ವಜ ಏರಿದ ಮೇಲೆ ನಾವೆಲ್ಲ ಒಂದೇ ದನಿಯಲ್ಲಿ ಜೈ ಹಿಂದ್ ಅಂತೀವಿ. ಪಕ್ಕದಲ್ಲಿ ನಿಂತವನು ಬಿಹಾರದವನೋ ಕೇರಳದವನೋ ಪಂಜಾಬಿನವನೋ ನಮಗೆ ಗೊತ್ತಿರಲ್ಲ. ಆ ಎರಡು ಶಬ್ದ ಮಾತ್ರ ಇಬ್ಬರಿಗೂ ಗೊತ್ತು. ಈ ಶಬ್ದ ಎಲ್ಲಿಂದ ಬಂತು ಅಂತ ಒಮ್ಮೆ ಹುಡುಕಲು ಹೋಗಿ ನನಗೆ ಸಿಕ್ಕವರು ಆಬಿದ್ ಹಸನ್ ಸಫ್ರಾನಿ. ಇಂಜಿನಿಯರಿಂಗ್ ಓದಲು ಪರದೇಶಕ್ಕೆ ಹೋದ ಹುಡುಗ, ಅಲ್ಲಿ ಸುಭಾಷ್ ಚಂದ್ರ ಬೋಸರ ಸೆಕ್ರೆಟರಿ ಆದರು, ಆಮೇಲೆ ಆಜಾದ್ ಹಿಂದ್ ಫೌಜಿನಲ್ಲಿ ಮೇಜರ್ ಆಗಿ ಇಂಫಾಲದ ಕಾಡಿನಲ್ಲಿ ಯುದ್ಧ ಮಾಡಿದರು. ಅವರ ಕಥೆಯನ್ನು ನನಗೆ ತಿಳಿದಷ್ಟು ಬರೆಯುತ್ತಿದ್ದೇನೆ.

ಆಬಿದ್ ಹಸನ್ ಹುಟ್ಟಿದ್ದು 1911ರಲ್ಲಿ, ಹೈದರಾಬಾದಿನಲ್ಲಿ. ಪೂರ್ತಿ ಹೆಸರು ಜೈನ್-ಅಲ್-ಆಬಿದಿನ್ ಹಸನ್. ನಾನು ರಾಯಚೂರು ಜಿಲ್ಲೆಯವನು. ನಮ್ಮ ರಾಯಚೂರು, ಕಲಬುರಗಿ, ಬೀದರ್ ಆಗ ಅದೇ ನಿಜಾಮರ ರಾಜ್ಯದಲ್ಲಿ ಇದ್ದವು. ಹಾಗಾಗಿ ಅವರು ನಮ್ಮ ಅಜ್ಜಂದಿರ ಕಾಲದ ನಮ್ಮದೇ ರಾಜ್ಯದವರು ಅಂತ ಹೇಳಿದರೆ ತಪ್ಪಿಲ್ಲ. ಹೈದರಾಬಾದಿಗೆ ಹೋದವರಿಗೆ ಆಬಿಡ್ಸ್ ಬಜಾರ್ ಗೊತ್ತಿರುತ್ತದೆ. ಅದು ಇವರ ಹೆಸರಲ್ಲ, ಆರನೇ ನಿಜಾಮರ ಸೇವೆಯಲ್ಲಿದ್ದ ಆಲ್ಬರ್ಟ್ ಆಬಿದ್ ಅನ್ನುವವರ ಅಂಗಡಿಯಿಂದ ಬಂದ ಹೆಸರು. ನಮ್ಮ ಆಬಿದ್ ಹಸನರ ಹೆಸರು ಅಷ್ಟು ಸುಲಭವಾಗಿ ಜನರ ಬಾಯಿಗೆ ಬರಲಿಲ್ಲ.

ಮನೆಯಲ್ಲಿ ತಾಯಿ ಖಾದಿಯವರು, ಗಾಂಧೀಜಿಯ ದಾರಿ ಹಿಡಿದವರು. ನಿಜಾಮರ ಊರಿನಲ್ಲಿ, ಬ್ರಿಟಿಷ್ ರೆಸಿಡೆಂಟ್ ಕೂತಿದ್ದ ಊರಿನಲ್ಲಿ, ಪರದೇಶದ ಬಟ್ಟೆ ಬಿಡಬೇಕು ಅನ್ನುವ ಮನೆ ಅದು. ಅಣ್ಣ ಬದ್ರುಲ್ ಹಸನ್ ಕೂಡ ಗಾಂಧೀಜಿಯ ಜೊತೆ ಕೆಲಸ ಮಾಡಿದವರು. ಇಂಥ ಮನೆಯ ಹುಡುಗ ಸುಮ್ಮನಿರುತ್ತಾನಾ? ಆಬಿದ್ ಸಬರಮತಿ ಆಶ್ರಮದಲ್ಲಿ ಸ್ವಲ್ಪ ಕಾಲ ಇದ್ದರು, ಚಳವಳಿಗೆ ಸೇರಿ ಜೈಲಿಗೂ ಹೋಗಿ ಬಂದರು. ಆಮೇಲೆ ಇಂಜಿನಿಯರಿಂಗ್ ಓದಲು ಜರ್ಮನಿಗೆ ಹೋದರು. ಆಗಿನ ಕಾಲಕ್ಕೆ ಯಂತ್ರದ ವಿದ್ಯೆ ಅಂದರೆ ಜರ್ಮನಿ.

ಇಲ್ಲಿ ಬೋಸರ ಕಥೆಗೆ ಬರಬೇಕು. 1941ರ ಜನವರಿಯಲ್ಲಿ ಬೋಸರು ಕಲ್ಕತ್ತಾದ ಮನೆಯಲ್ಲಿ ಗೃಹಬಂಧನದಲ್ಲಿದ್ದರು. ಒಂದು ರಾತ್ರಿ ವೇಷ ಬದಲಿಸಿ ಹೊರಬಿದ್ದು, ಪೇಶಾವರ, ಕಾಬೂಲ್, ಮಾಸ್ಕೋ ದಾಟಿ ಏಪ್ರಿಲ್‌ನಲ್ಲಿ ಬರ್ಲಿನ್ ಸೇರಿದರು. ಕೈಯಲ್ಲಿದ್ದದ್ದು ಇಟಲಿಯ ಪಾಸ್‌ಪೋರ್ಟ್, ಅದರಲ್ಲಿ ಹೆಸರು ಒರ್ಲಾಂಡೊ ಮಜ್ಜೊಟ್ಟಾ. ಅದೇ ವರ್ಷ ನವೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಫ್ರೀ ಇಂಡಿಯಾ ಸೆಂಟರ್ ಶುರುವಾಯಿತು. ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳನ್ನು ಬೋಸರು ಕರೆದರು. ಆಬಿದ್ ಓದನ್ನು ಅರ್ಧಕ್ಕೇ ಬಿಟ್ಟು ಬಂದರು. ಊರಿನಿಂದ ಓದಲು ಕಳಿಸಿದ ಮಗ ಸರ್ಟಿಫಿಕೇಟ್ ಇಲ್ಲದೆ ಉಳಿಯುವುದು ಎಂಥ ಮಾತು ಅಂತ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೆ ಜರ್ಮನ್ ಭಾಷೆ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಬೋಸರಿಗೆ ಸೆಕ್ರೆಟರಿಯೂ ಅವರೇ, ದುಭಾಷಿಯೂ ಅವರೇ ಆದರು.

ಸೆಕ್ರೆಟರಿ ಅಂದರೆ ಬರೀ ಪತ್ರ ಬರೆಯುವ ಕೆಲಸ ಅಲ್ಲ. ಉತ್ತರ ಆಫ್ರಿಕಾದ ಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷ್ ಸೇನೆಯ ಭಾರತೀಯ ಸಿಪಾಯಿಗಳು ಜರ್ಮನಿಯ ಆನ್ನಾಬುರ್ಗ್ ಕ್ಯಾಂಪಿನಲ್ಲಿದ್ದರು. ಅವರ ಹತ್ತಿರ ಹೋಗಿ ಮಾತಾಡಿ, ನಂಬಿಸಿ, ಹೊಸ ಪಡೆಗೆ ಕರೆತರಬೇಕು. ಆಬಿದ್ ಈ ಕೆಲಸಕ್ಕೂ ಹೋದರು. ಸುಲಭ ಇರಲಿಲ್ಲ. ಬ್ರಿಟಿಷ್ ರಾಜನ ಹೆಸರಲ್ಲಿ ಪ್ರಮಾಣ ಮಾಡಿದ ಸಿಪಾಯಿ, ಊರಲ್ಲಿ ಅವನ ಸಂಬಳ ನಂಬಿಕೊಂಡ ಮನೆ. ಈ ಕಡೆ ಬಂದರೆ ಆ ಸಂಬಳ ನಿಂತುಹೋಗುತ್ತದೆ. ಹಲವರು ಬಂದರು, ಹಲವರು ಬರಲಿಲ್ಲ. ಬಾರದವರನ್ನು ನಾವು ಹೇಡಿಗಳು ಅನ್ನಲಾಗದು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಆ ಪಡೆಗೆ ಬಟ್ಟೆ, ಬಂದೂಕು, ಊಟ ಕೊಟ್ಟದ್ದು ಹಿಟ್ಲರನ ಸರ್ಕಾರ. ಸಿಪಾಯಿಗಳ ಪ್ರಮಾಣದಲ್ಲಿ ಬೋಸರ ಹೆಸರಿನ ಜೊತೆ ಹಿಟ್ಲರನ ಹೆಸರೂ ಇತ್ತು. ಶತ್ರುವಿನ ಶತ್ರು ಮಿತ್ರ ಅನ್ನುವ ಲೆಕ್ಕ ಅದು. ಆ ಲೆಕ್ಕ ಸರಿಯೇ ತಪ್ಪೇ ಅಂತ ಇವತ್ತಿಗೂ ಜಗಳ ಮುಗಿದಿಲ್ಲ. ಆದರೆ ಆ ಪಡೆಯೊಳಗೆ ಬೋಸರೂ ಆಬಿದರೂ ಮಾಡಿದ ಒಂದು ಕೆಲಸ ಮಾತ್ರ ಪೂರ್ತಿ ನಮ್ಮದು. ಬ್ರಿಟಿಷರ ಸೇನೆಯಲ್ಲಿ ಜಾತಿಗೊಂದು, ಧರ್ಮಕ್ಕೊಂದು ಕಂಪನಿ ಇರುತ್ತಿತ್ತು, ಅಡುಗೆಯೂ ಬೇರೆ. ಇಲ್ಲಿ ಸಿಖ್ಖರು, ಮುಸಲ್ಮಾನರು, ರಜಪೂತರು, ಗಢವಾಲಿಗಳು ಎಲ್ಲರನ್ನೂ ಒಂದೇ ತುಕಡಿಯಲ್ಲಿ ಕಲಸಿದರು.

ಆಗ ಒಂದು ಸಣ್ಣ ತೊಂದರೆ ಬಂತು. ಬೆಳಿಗ್ಗೆ ಎದ್ದರೆ ಒಬ್ಬ ಸಲಾಂ ಅಂತಾನೆ, ಒಬ್ಬ ಸತ್ ಶ್ರೀ ಅಕಾಲ್, ಇನ್ನೊಬ್ಬ ರಾಮ್ ರಾಮ್. ಎಲ್ಲರಿಗೂ ಒಪ್ಪುವ ಒಂದು ಮಾತು ಬೇಕಾಯಿತು. ರಜಪೂತ ಸಿಪಾಯಿಗಳು ಜೈ ರಾಮ್‌ಜೀ ಕೀ ಅಂತ ಹೇಳಿಕೊಳ್ಳುವುದು ಆಬಿದರ ಕಿವಿಗೆ ಬಿತ್ತಂತೆ. ಆ ರಾಗ ಅವರಿಗೆ ಹಿಡಿಸಿತು. ಅದನ್ನೇ ಜೈ ಹಿಂದುಸ್ತಾನ್ ಕೀ ಅಂತ ಮಾಡಿ, ಕೊನೆಗೆ ಚಿಕ್ಕದಾಗಿಸಿ ಜೈ ಹಿಂದ್ ಮಾಡಿದರು. ಬೋಸರು ಒಪ್ಪಿ ಇಡೀ ಪಡೆಗೆ ಅದನ್ನೇ ಗೊತ್ತುಮಾಡಿದರು. ಈ ಶಬ್ದ ಮೊದಲು ಹೇಳಿದವರು ಬೇರೆಯವರು ಅನ್ನುವವರೂ ಇದ್ದಾರೆ. ಆದರೆ ಸಿಪಾಯಿಯಿಂದ ಸಿಪಾಯಿಗೆ ಹೇಳುವ ನಮಸ್ಕಾರವಾಗಿ ಅದನ್ನು ತಂದವರು ಆಬಿದ್ ಅಂತಲೇ ಹೆಚ್ಚಿನವರು ಬರೆದಿದ್ದಾರೆ.

ಮುಂದೆ ಬಂದದ್ದು ಸಬ್‌ಮೆರೀನ್ ಪ್ರಯಾಣ. ಬರ್ಲಿನ್‌ನಲ್ಲಿ ಕೂತು ಭಾರತದ ಗಡಿ ಮುಟ್ಟುವುದು ಸಾಧ್ಯವಿಲ್ಲ ಅಂತ ಬೋಸರಿಗೆ ಗೊತ್ತಾಗಿತ್ತು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನಿನ ಕೈಗೆ ಬಿದ್ದ ಮೇಲೆ ಅಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯ ಸಿಪಾಯಿಗಳಿದ್ದರು. ಅಲ್ಲಿಗೆ ಹೋಗಬೇಕು. ಸಮುದ್ರದ ಮೇಲೂ ಆಕಾಶದಲ್ಲೂ ಬ್ರಿಟಿಷರಿದ್ದರು, ಉಳಿದದ್ದು ಸಮುದ್ರದ ಒಳಗಿನ ದಾರಿ. ಜೊತೆಗೆ ಒಬ್ಬನನ್ನು ಮಾತ್ರ ಕರೆದೊಯ್ಯಬಹುದಿತ್ತು. ಬೋಸರು ಆರಿಸಿದ್ದು ಆಬಿದ್ ಹಸನರನ್ನು.

1943ರ ಫೆಬ್ರವರಿ 9ಕ್ಕೆ ಕೀಲ್ ಬಂದರಿನಿಂದ ಯು-180 ಹೊರಟಿತು. ಸುಮಾರು 87 ಮೀಟರ್ ಉದ್ದದ ಉಕ್ಕಿನ ಕೊಳವೆ, ಒಳಗೆ ಐವತ್ತಕ್ಕೂ ಹೆಚ್ಚು ಜನ. ನಾನು ಎಲೆಕ್ಟ್ರಿಷಿಯನ್ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಗಿನ ಸಬ್‌ಮೆರೀನ್ ನೀರಿನ ಮೇಲೆ ಡೀಸೆಲ್ ಎಂಜಿನ್ ಮೇಲೆ ಓಡುತ್ತದೆ, ಮುಳುಗಿದಾಗ ಬ್ಯಾಟರಿ ಮತ್ತು ಮೋಟಾರ್ ಮೇಲೆ. ಡೀಸೆಲ್‌ಗೆ ಗಾಳಿ ಬೇಕು, ನೀರೊಳಗೆ ಗಾಳಿ ಎಲ್ಲಿಂದ ಬರಬೇಕು? ಬ್ಯಾಟರಿ ಖಾಲಿಯಾದರೆ ಮೇಲೆ ಬಂದು ಚಾರ್ಜ್ ಮಾಡಲೇಬೇಕು. ಮೇಲೆ ಬಂದಾಗಲೇ ಶತ್ರುವಿನ ಕಣ್ಣಿಗೆ ಬೀಳುವ ಭಯ, ಅದಕ್ಕೇ ರಾತ್ರಿ ಹೊತ್ತು ಮೇಲೆ ಬರುವುದು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿ ಆಡದಿದ್ದರೆ ಒಂದು ಕಿಡಿ ಸಾಕು. ಯು-180ರಲ್ಲಿ ವೇಗಕ್ಕೆ ಅಂತ ಆರು ಬೇರೆ ಬಗೆಯ ಡೀಸೆಲ್ ಎಂಜಿನ್ ಹಾಕಿದ್ದರು. ಅವು ವಿಪರೀತ ಹೊಗೆ ಕಾರುತ್ತಿದ್ದವು, ಆಮೇಲೆ ಅವನ್ನು ಕಿತ್ತುಹಾಕಬೇಕಾಯಿತು. ಹಾಸಿಗೆ, ಹೊದಿಕೆ, ರೊಟ್ಟಿ ಎಲ್ಲದಕ್ಕೂ ಡೀಸೆಲ್ ವಾಸನೆ. ಬಿಸಿಲಿನಲ್ಲಿ ಜನರೇಟರ್ ರೂಮಿನಲ್ಲಿ ಒಂದು ಪಾಳಿ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಇವರು ಅಂಥದ್ದರಲ್ಲಿ ಎರಡೂವರೆ ತಿಂಗಳು ಇದ್ದರು.

ಜರ್ಮನ್ ನಾವಿಕರ ಊಟ ಬೋಸರಿಗೆ ಒಗ್ಗಲಿಲ್ಲ. ಆಬಿದ್ ಹುಡುಕಾಡಿ ಹಡಗಿನ ಸಾಮಾನಿನಲ್ಲಿ ಅಕ್ಕಿ ಬೇಳೆ ಪತ್ತೆ ಮಾಡಿ ಖಿಚಡಿ ಮಾಡಿ ಬಡಿಸಿದರು. ಬೋಸರು ಜರ್ಮನ್ ಅಧಿಕಾರಿಗಳನ್ನೂ ಊಟಕ್ಕೆ ಕರೆಯತೊಡಗಿದಾಗ, ಹೀಗಾದರೆ ಅಕ್ಕಿ ಎಷ್ಟು ದಿನ ಬರುತ್ತದೆ ಅಂತ ಆಬಿದರಿಗೆ ಒಳಗೊಳಗೇ ಸಂಕಟ. ರೂಮಿನಲ್ಲಿ ಅಡುಗೆ ಪಾಳಿ ಇದ್ದವರಿಗೆಲ್ಲ ಈ ಸಂಕಟ ಗೊತ್ತು.

ಪ್ರಯಾಣದ ಪೂರ್ತಿ ಕೆಲಸ ನಿಲ್ಲಲಿಲ್ಲ. ಬೋಸರು ಹೇಳುತ್ತಿದ್ದರು, ಆಬಿದ್ ಬರೆದುಕೊಳ್ಳುತ್ತಿದ್ದರು. ಅವರ ಪುಸ್ತಕದ ಹೊಸ ಆವೃತ್ತಿಯ ತಿದ್ದುಪಡಿ, ಮುಂದೆ ಮಾಡಬೇಕಾದ ಭಾಷಣಗಳು, ಹೆಣ್ಣುಮಕ್ಕಳ ಪಡೆ ಕಟ್ಟುವ ಯೋಜನೆ ಎಲ್ಲ ಆ ಡೀಸೆಲ್ ವಾಸನೆಯಲ್ಲೇ ತಯಾರಾದವು. ಜಪಾನಿನ ಪ್ರಧಾನಿ ತೋಜೋ ಎದುರು ಹೇಗೆ ಮಾತಾಡಬೇಕು ಅಂತ ತಾಲೀಮು ಮಾಡುವಾಗ ಆಬಿದರೇ ತೋಜೋ ಆಗಿ ಕೂತು ಕಠಿಣ ಪ್ರಶ್ನೆ ಕೇಳುತ್ತಿದ್ದರು. ಏಪ್ರಿಲ್ 18ಕ್ಕೆ ಯು-180 ಬ್ರಿಟಿಷರ ಕಾರ್ಬಿಸ್ ಅನ್ನುವ ತೈಲ ಹಡಗನ್ನು ಮುಳುಗಿಸಿತು. ಪ್ರಯಾಣದಲ್ಲಿ ಒಮ್ಮೆ ಶತ್ರು ಹಡಗು ಮೇಲೇ ಬಂದು ಇವರ ಸಬ್‌ಮೆರೀನ್ ಓರೆಯಾಯಿತು, ಇನ್ನು ಮುಗಿಯಿತು ಅಂತ ಆಬಿದರ ಕೈ ನಿಂತಿತು. ಬೋಸರು ಮಾತ್ರ ಹೇಳುವುದನ್ನು ನಿಲ್ಲಿಸಿರಲಿಲ್ಲ. ಎರಡು ಸಲ ಹೇಳಿದರೂ ಬರೆದುಕೊಂಡಿಲ್ಲವಲ್ಲ ಅಂತ ಆಬಿದರನ್ನೇ ಕೇಳಿದರಂತೆ.

ಮಡಗಾಸ್ಕರ್ ಹತ್ತಿರ ಜಪಾನಿನ ಐ-29 ಕಾಯುತ್ತಿತ್ತು. ಸಮುದ್ರ ಕೆರಳಿತ್ತು, ಎರಡು ಹಡಗು ಹತ್ತಿರ ಬರುವಂತಿರಲಿಲ್ಲ. ಏಪ್ರಿಲ್ 28ಕ್ಕೆ ಇಬ್ಬರೂ ರಬ್ಬರ್ ದೋಣಿಯಲ್ಲಿ ಕೂತು, ಅಲೆಯಲ್ಲಿ ನೆನೆಯುತ್ತಾ ಆ ಕಡೆ ದಾಟಿದರು. ಆ ಇಡೀ ಯುದ್ಧದಲ್ಲಿ ಎರಡು ಬೇರೆ ದೇಶಗಳ ಸಬ್‌ಮೆರೀನ್ ನಡುವೆ ನಾಗರಿಕರು ದಾಟಿದ್ದು ಇದೊಂದೇ ಸಲ ಅನ್ನುತ್ತಾರೆ. ಮೇ 6ಕ್ಕೆ ಸುಮಾತ್ರಾದ ಉತ್ತರ ತುದಿಯ ಸಬಾಂಗ್ ತಲುಪಿ, ಅಲ್ಲಿಂದ ವಿಮಾನದಲ್ಲಿ ಟೋಕಿಯೋಗೆ ಹೋದರು.

ಜುಲೈ 2ಕ್ಕೆ ಬೋಸರು ಸಿಂಗಾಪುರಕ್ಕೆ ಬಂದರು. ಅಕ್ಟೋಬರ್ 21ಕ್ಕೆ ಆಜಾದ್ ಹಿಂದ್ ಸರ್ಕಾರ ಘೋಷಣೆಯಾಯಿತು. ಇಲ್ಲಿಂದ ಆಬಿದರ ಕೈಗೆ ಪೆನ್ನಿನ ಜೊತೆ ಬಂದೂಕೂ ಬಂತು. ಫೌಜಿನಲ್ಲಿ ಮೇಜರ್ ಆದರು. ಆ ಫೌಜಿನಲ್ಲಿ ಇದ್ದವರೆಲ್ಲ ಹಳೆಯ ಸಿಪಾಯಿಗಳಲ್ಲ. ಮಲಯಾದ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುತ್ತಿದ್ದ ತಮಿಳು ಕೂಲಿಗಳು, ಅಂಗಡಿಯಲ್ಲಿ ದುಡಿಯುತ್ತಿದ್ದವರು, ಗುಮಾಸ್ತರು ಬಂದು ಸೇರಿದರು. ಹೊಟ್ಟೆಪಾಡಿಗೆ ಸಮುದ್ರ ದಾಟಿದವರು, ಅಂದರೆ ನಮ್ಮ ಹಾಗೆಯೇ. ದುಡ್ಡು ಇದ್ದವರು ದುಡ್ಡು ಕೊಟ್ಟರು, ಹೆಂಗಸರು ಮೈಮೇಲಿನ ಬಂಗಾರ ಬಿಚ್ಚಿಕೊಟ್ಟರು. ಕೊಡಗಿನ ಜನರಲ್ ತಿಮ್ಮಯ್ಯನವರ ಅಣ್ಣ ಕೂಡ ಈ ಫೌಜಿನಲ್ಲಿದ್ದರು, ತಮ್ಮ ಬ್ರಿಟಿಷರ ಸೇನೆಯಲ್ಲಿ. ಒಂದೇ ಮನೆಯೊಳಗೆ ಎರಡು ಕಡೆ.

ಸಿಂಗಾಪುರದ ಚೆಟ್ಟಿಯಾರ್ ದೇವಸ್ಥಾನದವರು ದಸರಾಕ್ಕೆ ಬೋಸರನ್ನು ಕರೆದರು. ಎಲ್ಲಾ ಜಾತಿ ಧರ್ಮದ ನನ್ನ ಜೊತೆಗಾರರಿಗೂ ಪ್ರವೇಶ ಇದ್ದರೆ ಮಾತ್ರ ಬರುತ್ತೇನೆ ಅನ್ನುವುದು ಬೋಸರ ಷರತ್ತು. ಅವರು ಒಪ್ಪಿದರು. ಆಬಿದರಿಗೆ ಒಳಗೆ ಹೋಗಲು ಹಿಂಜರಿಕೆ ಇತ್ತು, ಬೋಸರು ಜೊತೆಗೇ ಕರೆದುಕೊಂಡು ಹೋದರು. ಪೂಜಾರಿಗಳು ಎಲ್ಲರ ಹಣೆಗೂ ತಿಲಕ ಇಟ್ಟರು. ಹೊರಗೆ ಬಂದ ಮೇಲೆ ಬೋಸರು ತಮ್ಮ ಹಣೆಯದನ್ನು ಒರೆಸಿಕೊಂಡರು, ಉಳಿದವರೂ ಹಾಗೇ ಮಾಡಿದರು. ದೇವರಿಗೆ ಅವಮಾನ ಇಲ್ಲ, ಜೊತೆಗಾರನಿಗೂ ಮುಜುಗರ ಇಲ್ಲ.

ಸಫ್ರಾನಿ ಅನ್ನುವ ಹೆಸರೂ ಇಂಥದ್ದರಿಂದಲೇ ಬಂದದ್ದು. ಬಾವುಟದಲ್ಲಿ ಕೇಸರಿ ಇರಬೇಕು ಅಂತ ಕೆಲವು ಹಿಂದೂಗಳು, ಹಸಿರು ಇರಬೇಕು ಅಂತ ಕೆಲವು ಮುಸಲ್ಮಾನರು ವಾದ ಹಿಡಿದಿದ್ದರು. ಕೊನೆಗೆ ಹಿಂದೂ ಗೆಳೆಯರು ತಮ್ಮ ಹಟ ಬಿಟ್ಟರು. ಆಬಿದರಿಗೆ ಅದು ಮನಸ್ಸಿಗೆ ತಟ್ಟಿತು. ಅವರು ಬಿಟ್ಟುಕೊಟ್ಟ ಕೇಸರಿಯನ್ನು ತಾನು ಇಟ್ಟುಕೊಳ್ಳುತ್ತೇನೆ ಅಂತ ತಮ್ಮ ಹೆಸರಿನ ಕೊನೆಗೆ ಸಫ್ರಾನಿ ಅಂತ ಸೇರಿಸಿಕೊಂಡರು. ಸಾಯುವವರೆಗೂ ಅದೇ ಹೆಸರು.

1944ರ ಮಾರ್ಚ್‌ನಲ್ಲಿ ಇಂಫಾಲದ ಯುದ್ಧ ಶುರುವಾಯಿತು. ಆಬಿದ್ ಗಾಂಧಿ ಬ್ರಿಗೇಡಿನ ಅಧಿಕಾರಿಯಾಗಿ ಮುಂಚೂಣಿಗೆ ಹೋದರು. ಇಂಫಾಲ ಇನ್ನೇನು ಬಿತ್ತು, ಬೇಗ ಬನ್ನಿ ಅಂತ ಜಪಾನಿಯರು ಅವಸರ ಮಾಡಿದ್ದರಿಂದ ಬ್ರಿಗೇಡಿನವರು ಭಾರದ ಸಾಮಾನು, ಮಷಿನ್‌ಗನ್‌ಗಳನ್ನು ಹಿಂದೆಯೇ ಬಿಟ್ಟು, ಒಂದು ಕಂಬಳಿ, ಒಂದು ರೈಫಲ್, 50 ಗುಂಡು ಹಿಡಿದು ನಡೆದರು. ಇಂಫಾಲ ಬೀಳಲಿಲ್ಲ. ಮೇ ಮೊದಲಲ್ಲಿ ಪಾಲೇಲ್ ವಿಮಾನ ನಿಲ್ದಾಣದ ಮೇಲೆ ರಾತ್ರಿ ಮಾಡಿದ ದಾಳಿ ಫಲ ಕೊಡಲಿಲ್ಲ. ಆಮೇಲೆ ಮಳೆ ಹಿಡಿಯಿತು. ರಸ್ತೆ ಕೊಚ್ಚಿಹೋಯಿತು, ರೇಷನ್ ನಿಂತಿತು. ಮಲೇರಿಯಾ, ಭೇದಿ, ಹಸಿವು. ಜನ ಕಾಡಿನ ಸೊಪ್ಪು ತಿಂದರು. ಜುಲೈನಲ್ಲಿ ಹಿಂದಕ್ಕೆ ಬನ್ನಿ ಅಂತ ಆಜ್ಞೆ ಬಂತು. ಮುಂಚೂಣಿಗೆ ಹೋದವರು ಸುಮಾರು 6,000 ಅಂತ ಇತಿಹಾಸಕಾರರ ಲೆಕ್ಕ. ವಾಪಸು ಬಂದವರು ಅರ್ಧಕ್ಕಿಂತ ಕಡಿಮೆ, ಬಂದವರಲ್ಲೂ ಬಹಳ ಜನ ನೇರ ಆಸ್ಪತ್ರೆಗೆ. ಗುಂಡಿಗಿಂತ ಹಸಿವು, ಜ್ವರಕ್ಕೆ ಸತ್ತವರೇ ಜಾಸ್ತಿ.

ಆಬಿದರು ಮುದಿ ವಯಸ್ಸಿನಲ್ಲಿ ಆ ವಾಪಸಾತಿಯ ಬಗ್ಗೆ ದಿ ಮೆನ್ ಫ್ರಮ್ ಇಂಫಾಲ್ ಅಂತ ಒಂದು ಉಪನ್ಯಾಸ ಕೊಟ್ಟರು, ಅದು ಪುಸ್ತಕವೂ ಆಯಿತು. ಅದರಲ್ಲಿ ಅವರು ಹೆಮ್ಮೆಯಿಂದ ನೆನೆಸಿದ್ದು ಗೆಲುವನ್ನಲ್ಲ, ಗೆಲುವು ಇರಲೂ ಇಲ್ಲ. ಕೆಸರಿನಲ್ಲಿ ಕಾಲು ಎಳೆಯುತ್ತಾ ಬಂದ ಆ ಗುಂಪಿನಲ್ಲಿ ದೇಶದ ಎಲ್ಲಾ ಕಡೆಯವರಿದ್ದರು, ಯಾರು ಯಾವ ಜಾತಿ ಯಾವ ಧರ್ಮ ಅಂತ ಬೇರ್ಪಡಿಸಲು ಆಗದಷ್ಟು ಬೆರೆತಿದ್ದರು, ಸೋತರೂ ಅದು ಒಡೆಯಲಿಲ್ಲ ಅನ್ನುವುದನ್ನು ನೆನೆಸಿದರು.

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ಬೋಸರು ಕೆಲವೇ ಜನರೊಂದಿಗೆ ಆಗಸ್ಟ್ 17ರ ಬೆಳಿಗ್ಗೆ ಸೈಗಾನ್‌ಗೆ ಬಂದರು. ಅವರಲ್ಲಿ ಆಬಿದರೂ ಇದ್ದರು. ಅಲ್ಲಿಂದ ಮುಂದೆ ಹೋಗುವ ಜಪಾನಿ ವಿಮಾನದಲ್ಲಿ ಜಾಗ ಇಲ್ಲ ಅಂದರು. ಕಾಡಿಬೇಡಿದ ಮೇಲೆ ಸಿಕ್ಕದ್ದು ಎರಡೇ ಸೀಟು. ಒಂದು ಬೋಸರಿಗೆ, ಇನ್ನೊಂದಕ್ಕೆ ಹಬೀಬುರ್ ರಹಮಾನ್ ಹೋದರು. ಆಬಿದ್ ವಿಮಾನ ನಿಲ್ದಾಣದಲ್ಲಿ ಉಳಿದರು. ಆಗಸ್ಟ್ 18ಕ್ಕೆ ಆ ವಿಮಾನ ತೈಹೊಕುವಿನಲ್ಲಿ, ಅಂದರೆ ಇವತ್ತಿನ ತೈಪೆಯಲ್ಲಿ ಬಿದ್ದು ಉರಿಯಿತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಜಾಗ. ಒಬ್ಬನಿಗೆ ಮಾತ್ರ ಜಾಗ ಇದ್ದ ಸಬ್‌ಮೆರೀನ್‌ಗೆ ಆರಿಸಿಕೊಂಡದ್ದು ಇವರನ್ನು. ಒಬ್ಬನಿಗೆ ಮಾತ್ರ ಜಾಗ ಇದ್ದ ವಿಮಾನಕ್ಕೆ ಇವರನ್ನು ಆರಿಸಲಿಲ್ಲ. ಆ ಸಂಜೆ ಅವರಿಗೆ ಎಷ್ಟು ಬೇಜಾರಾಗಿರಬೇಕು. ಮರುದಿನ ಅದೇ ಬೇಜಾರು ಜೀವ ಉಳಿಸಿತ್ತು. ಉಳಿದ ಜೀವ ಹೊತ್ತುಕೊಂಡು 39 ವರ್ಷ ಬಾಳುವುದೂ ಸಣ್ಣ ಭಾರವಲ್ಲ.

ಬ್ರಿಟಿಷರು ಅವರನ್ನು ಹಿಡಿದು ಸೆರೆಯಲ್ಲಿಟ್ಟರು. ದಿಲ್ಲಿಯ ಕೆಂಪುಕೋಟೆಯಲ್ಲಿ ಫೌಜಿನ ಅಧಿಕಾರಿಗಳ ವಿಚಾರಣೆ ನಡೆದು, ದೇಶವೇ ಎದ್ದು ಕೂತ ಮೇಲೆ ಒಬ್ಬೊಬ್ಬರಾಗಿ ಬಿಡುಗಡೆಯಾದರು. ಆಬಿದರೂ ಹೈದರಾಬಾದಿಗೆ ಬಂದರು. ಸ್ವಲ್ಪ ಕಾಲ ಕಾಂಗ್ರೆಸ್ಸಿನಲ್ಲಿದ್ದರು. ಆಮೇಲೆ ಹೊಟ್ಟೆಪಾಡಿಗೆ ಬಲ್ಬ್ ತಯಾರಿಸುವ ಬೆಂಗಾಲ್ ಲ್ಯಾಂಪ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಸಾಗರದ ಒಳಗೆ ಅರ್ಧ ಜಗತ್ತು ಸುತ್ತಿದ ಮೇಜರ್ ಸಾಹೇಬರು ಕಂಪನಿ ಕೆಲಸಕ್ಕೆ ಕರಾಚಿಯಲ್ಲಿದ್ದರು. ದೇಶ ಎರಡಾದಾಗ ಅಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ, ಹೈದರಾಬಾದಿಗೆ ವಾಪಸು ಬಂದರು. ಜೈ ಹಿಂದ್ ಅಂದವರಿಗೆ ಹಿಂದ್ ಎಲ್ಲಿದೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಳಿಕ ಭಾರತದ ವಿದೇಶಾಂಗ ಸೇವೆಗೆ ಸೇರಿದರು. ಫೌಜಿನವರನ್ನು ಸ್ವತಂತ್ರ ಭಾರತದ ಸೇನೆ ವಾಪಸು ಸೇರಿಸಿಕೊಳ್ಳಲಿಲ್ಲ, ಹಲವರು ಕಷ್ಟದಲ್ಲೇ ಮುದುಕರಾದರು. ಆಬಿದರಿಗೆ ದೇಶದ ಪ್ರತಿನಿಧಿಯಾಗುವ ಅವಕಾಶ ಸಿಕ್ಕಿತು. ಕೈರೋ, ಪೀಕಿಂಗ್, ಡಮಾಸ್ಕಸ್, ಬಾಗ್ದಾದ್, ಸೆನೆಗಲ್, ಡೆನ್ಮಾರ್ಕ್ ಹೀಗೆ ಊರೂರು ಸುತ್ತಿ 1969ರಲ್ಲಿ ನಿವೃತ್ತರಾದರು. ಹೈದರಾಬಾದಿನಲ್ಲೇ ಉಳಿದ ದಿನ ಕಳೆದು 1984ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಬೋಸರ ಮನೆತನಕ್ಕೂ ಇವರ ಮನೆತನಕ್ಕೂ ಆಮೇಲೆ ನೆಂಟಸ್ತನವಾಯಿತು. ನೇತಾಜಿಯ ಅಣ್ಣನ ಮಗ ಅರಬಿಂದೋ ಬೋಸರು ಆಬಿದರ ಅಣ್ಣನ ಮಗಳು ಸುರೈಯಾ ಹಸನರನ್ನು ಮದುವೆಯಾದರು. ಹೈದರಾಬಾದಿನ ಹಳೆಯ ನೇಯ್ಗೆ ಹಿಮ್ರೂ, ಮಶ್ರೂಗಳಿಗೆ ಮತ್ತೆ ಜೀವ ಕೊಟ್ಟವರು ಆ ಸುರೈಯಾ ಹಸನ್ ಬೋಸ್. ನೇಕಾರರ ಮಕ್ಕಳಿಗೆ ಅಂತ ಅವರು ನಡೆಸಿದ ಶಾಲೆಯ ಹೆಸರು ಸಫ್ರಾನಿ ಮೆಮೋರಿಯಲ್ ಸ್ಕೂಲ್.

ಆಬಿದ್ ಹಸನರ ಕಥೆ ಓದಿದ ಮೇಲೆ ನನ್ನ ರೂಮಿನ ಕಡೆ ನೋಡಿದೆ. ಎಂಟು ಜನ, ಐದು ಭಾಷೆ, ಮೂರು ಧರ್ಮ. ಬೆಳಿಗ್ಗೆ ನಾಲ್ಕೂವರೆಗೆ ಬಸ್ಸಿಗೆ ಹೊರಡುವಾಗ ಒಬ್ಬರಿಗೊಬ್ಬರು ಏನೋ ಒಂದು ಹೇಳಿಕೊಂಡೇ ಹೊರಡುತ್ತೇವೆ. ಊರಿನಿಂದ ಮೊಬೈಲಿಗೆ ಬರುವ ಜಗಳದ ಮೆಸೇಜುಗಳು ರೂಮಿನ ಒಳಗೆ ಬಂದ ದಿನ ಆ ಮಾತು ನಿಂತುಹೋಗಿದ್ದೂ ಇದೆ. ಎರಡು ದಿನ ಒಬ್ಬರ ತಟ್ಟೆಗೆ ಇನ್ನೊಬ್ಬರು ಸಾರು ಹಾಕಲಿಲ್ಲ. ಮೂರನೇ ದಿನ ಎಲ್ಲರೂ ಒಂದೇ ಪಾತ್ರೆಯ ಅನ್ನ ಉಂಡರು, ಯಾಕೆಂದರೆ ಬೇರೆ ಪಾತ್ರೆ ಇರಲಿಲ್ಲ. ಪರದೇಶದಲ್ಲಿ ನಮ್ಮವರು ಒಟ್ಟಿಗೆ ಇರಬೇಕಾದರೆ ಎಲ್ಲರಿಗೂ ಒಪ್ಪುವ ಒಂದು ನಮಸ್ಕಾರ ಬೇಕು ಅಂತ ಆ ಹೈದರಾಬಾದಿನ ಹುಡುಗನಿಗೆ ಬರ್ಲಿನ್‌ನಲ್ಲೇ ಗೊತ್ತಾಗಿತ್ತು.

ಮುಂದಿನ ಧ್ವಜಾರೋಹಣಕ್ಕೆ ಆ ಎರಡು ಶಬ್ದ ಹೇಳುವಾಗ ಒಂದು ಕ್ಷಣ ಅವರನ್ನು ನೆನೆಯೋಣ.

ಜೈ ಹಿಂದ್, ಜೈ ಕರ್ನಾಟಕ.